ಓಡದ ಬೈಕು ಬೇಕು, ಬಿಚ್ಚಿಟ್ಟ ಬೈಕು ಬೇಡ

ಓಡಿಸುವುದಕ್ಕೆಂದು ಹಳೆಯ ಬೈಕು ಕೊಳ್ಳುವವರು ಎಂಜಿನ್ನಿನ ಸದ್ದಿಗೆ ಕಿವಿಗೊಡುತ್ತಾರೆ. ಬಿಚ್ಚಿ ಕಟ್ಟುವುದಕ್ಕೆಂದು ಕೊಳ್ಳುವವರು ಬಿಡಿಭಾಗಗಳನ್ನು ಎಣಿಸಬೇಕು. ನನ್ನ ಪ್ರಾಜೆಕ್ಟ್ ಬೈಕನ್ನು ನಾನು ಆರಿಸಿಕೊಂಡದ್ದು ಈ ಲೆಕ್ಕದ ಮೇಲೆಯೇ: ಎಂಜಿನ್ ಸತ್ತಿದ್ದರೂ ಆದೀತು, ಗಾಡಿ ಮಾತ್ರ ಇಡಿಯಾಗಿರಬೇಕು. ಸವೆದ ಸಿಲಿಂಡರನ್ನು ಬೋರ್ ಮಾಡಿಸಬಹುದು, ಅಂದರೆ ಒಳಗೋಡೆಯನ್ನು ಕೊರೆದು ಸಮ ಮಾಡಿಸಬಹುದು. ಚಕ್ರದ ಬೇರಿಂಗಿನ ಮೇಲೆ 6203 ಎಂದೋ 6302 ಎಂದೋ ಕೆತ್ತಿರುತ್ತದೆ. ಆ ಸಂಖ್ಯೆ ಹೇಳಿದರೆ ಯಾವ ಬೇರಿಂಗ್ ಅಂಗಡಿಯವನಾದರೂ ಕೊಡುತ್ತಾನೆ. ಆದರೆ ಆ ಮಾದರಿಗೆಂದೇ ಮಾಡಿದ ಪಕ್ಕದ ಮುಚ್ಚಳ, ಏರ್‌ಫಿಲ್ಟರ್ ಪೆಟ್ಟಿಗೆ, ಹೆಡ್‌ಲೈಟನ್ನು ಹಿಡಿಯುವ ಕಿವಿಗಳು, ಟ್ಯಾಂಕಿನ ಕೆಳಗಿನ ರಬ್ಬರುಗಳು ಕಳೆದುಹೋಗಿದ್ದರೆ ಹುಡುಕಾಟಕ್ಕೆ ಕೊನೆಯೇ ಇರುವುದಿಲ್ಲ.

ಗಾಡಿ ನೋಡಲು ಹೊರಡುವ ಮೊದಲೇ ಕೆಲವನ್ನು ನಿರ್ಧರಿಸಿಕೊಂಡಿದ್ದೆ. ಒಂಟಿ ಸಿಲಿಂಡರ್, ಗಾಳಿಯಿಂದ ತಣಿಯುವ ಫೋರ್ ಸ್ಟ್ರೋಕ್ ಎಂಜಿನ್, ಪೆಟ್ರೋಲಿಗೆ ಗಾಳಿ ಬೆರೆಸುವ ಕಾರ್ಬ್ಯುರೇಟರ್ ಇರುವ ಕಾಲದ್ದು. ನಾಲ್ಕು ಸಿಲಿಂಡರ್ ಎಂದರೆ ನಾಲ್ಕು ಕಾರ್ಬ್ಯುರೇಟರ್, ಅವುಗಳನ್ನು ಒಂದಕ್ಕೊಂದು ಹೊಂದಿಸುವ ಕಿರಿಕಿರಿ ಬೇರೆ. ಮಾದರಿಯೂ ಅಪರೂಪದ್ದಾಗಿರಬಾರದು, ಲಕ್ಷಗಟ್ಟಲೆ ಮಾರಾಟವಾಗಿದ್ದು ಇರಬೇಕು. ಅಪರೂಪದ ಗಾಡಿಯ ಮೇಲೆ ಆಸೆ ಯಾರಿಗಿಲ್ಲ? ಆದರೆ ಮೊದಲ ಗಾಡಿಯಲ್ಲೇ ಸಂದು ಸೋರದಂತೆ ಕೂರಿಸುವ ಒಂದು ಗ್ಯಾಸ್ಕೆಟ್ಟಿಗಾಗಿ ತಿಂಗಳುಗಟ್ಟಲೆ ಕಾಯುವ ತಾಳ್ಮೆ ನನಗಿರಲಿಲ್ಲ. ದಿನದ ಓಡಾಟಕ್ಕೆ ಬೇರೆ ವಾಹನವಿತ್ತು ಎನ್ನುವುದನ್ನೂ ಹೇಳಿಬಿಡಬೇಕು. ಸೋಮವಾರ ಕೆಲಸಕ್ಕೆ ಹೋಗಲು ಬೇಕಾದ ಗಾಡಿಯನ್ನು ಭಾನುವಾರ ಬಿಚ್ಚಿ ಕುಳಿತರೆ ಯಾವ ಕೆಲಸವೂ ಸರಿಯಾಗಿ ಆಗುವುದಿಲ್ಲ.

ಮೊದಲು ಕಣ್ಣಿಗೆ ಬಿದ್ದದ್ದು ನಾನು ಕೊಂಡದ್ದಕ್ಕಿಂತ ಒಳ್ಳೆಯ ಎಂಜಿನ್ ಇದ್ದ ಗಾಡಿ. ಹೊಸ ಪಿಸ್ಟನ್, ಅದರ ಸುತ್ತ ಕೂರುವ ಹೊಸ ರಿಂಗು, ಸಿಲಿಂಡರಿನ ಮೇಲಿನ ಹೆಡ್ ಕೆಲಸವೂ ಮುಗಿದಿತ್ತು. ಉಳಿದದ್ದೆಲ್ಲ ಪೆಟ್ಟಿಗೆಗಳಲ್ಲಿತ್ತು. 'ಎಲ್ಲವೂ ಇದೆ, ಜೋಡಿಸಿದರೆ ಸಾಕು' ಎಂದರು ಮಾರುವವರು. ತಯಾರಕರ ಬಿಡಿಭಾಗಗಳ ಪಟ್ಟಿಯನ್ನು ಮುದ್ರಿಸಿಕೊಂಡು ಹೋಗಿದ್ದೆ. ಅದರಲ್ಲಿ ಪ್ರತಿ ಜೋಡಣೆಯೂ ಬಿಡಿಸಿಟ್ಟ ಚಿತ್ರವಾಗಿ ಇರುತ್ತದೆ, ಪ್ರತಿ ವಾಷರಿಗೂ ಒಂದು ಸಂಖ್ಯೆ. ಚಿತ್ರಕ್ಕೂ ಪೆಟ್ಟಿಗೆಗೂ ತಾಳೆ ನೋಡುತ್ತ ಹೋದಂತೆ ಹಿಂದಿನ ಆಕ್ಸಲಿನ ಸ್ಪೇಸರ್ ಇರಲಿಲ್ಲ, ಚೈನ್ ಗಾರ್ಡಿನ ಅರ್ಧ ಇರಲಿಲ್ಲ, ಕಾರ್ಬ್ಯುರೇಟರ್ ಬೇರೆ ಮಾದರಿಯದಾಗಿತ್ತು. ಬೋಲ್ಟುಗಳೆಲ್ಲ ಒಂದೇ ಡಬ್ಬಿಯಲ್ಲಿ. ಬಿಚ್ಚಿದವರಿಗೆ ಯಾವುದು ಎಲ್ಲಿಯದೆಂದು ಒಂದು ವಾರ ನೆನಪಿರುತ್ತದೆ. ಬಿಚ್ಚದ ನನಗೆ ಆ ಒಂದು ವಾರದ ನೆನಪೂ ಇರುವುದಿಲ್ಲ. ನಮಸ್ಕಾರ ಹೇಳಿ ಬಂದೆ.

ಇನ್ನೊಂದನ್ನು ಬಿಟ್ಟದ್ದು ದಾಖಲೆಯ ಕಾರಣಕ್ಕೆ. ನೋಡಲು ಅಂದವಾಗಿತ್ತು. ಆದರೆ ಚಾಸಿಸ್ ಸಂಖ್ಯೆಯ ಜಾಗದಲ್ಲಿ ಬಣ್ಣ ದಪ್ಪಗಿತ್ತು, ಬೆರಳಾಡಿಸಿದರೆ ಉಜ್ಜಿದ ತಗ್ಗು ತಿಳಿಯುತ್ತಿತ್ತು. ಚಾಸಿಸ್ ಸಂಖ್ಯೆ, ಎಂಜಿನ್ ಸಂಖ್ಯೆ, ನೋಂದಣಿ ಪತ್ರ ಈ ಮೂರೂ ತಾಳೆಯಾಗದೆ ಹಣದ ಮಾತೇ ಇಲ್ಲ. ಎಂಜಿನ್ ಬದಲಾಗಿದ್ದರೆ ಅದು ದಾಖಲೆಯಲ್ಲಿ ಸೇರಿರಬೇಕು. ಸ್ಪ್ಯಾನರಿನಿಂದ ಸರಿಪಡಿಸಲಾಗದ ದೋಷ ಇದೊಂದೇ.

ಕೊನೆಗೆ ಕೊಂಡ ಗಾಡಿ ವರ್ಷಗಳಿಂದ ಒಂದು ಚಾವಣಿಯ ಕೆಳಗೆ ನಿಂತಿತ್ತು. ಧೂಳು, ಜೇಡರ ಬಲೆ, ಗಾಳಿಯಿಲ್ಲದ ಟೈರು. ಆದರೆ ಒಂದು ಬೋಲ್ಟೂ ಕಳೆದಿರಲಿಲ್ಲ. ಟೈರಿನ ಪಕ್ಕೆಯ ಮೇಲೆ ನಾಲ್ಕು ಅಂಕಿಗಳ ಮುದ್ರೆಯಿರುತ್ತದೆ: ಮೊದಲ ಎರಡು ಅಂಕಿ ವಾರವನ್ನು, ಕೊನೆಯ ಎರಡು ಅಂಕಿ ವರ್ಷವನ್ನು ಹೇಳುತ್ತವೆ. 2314 ಎಂದಿದ್ದರೆ 2014ರ ಇಪ್ಪತ್ತಮೂರನೆಯ ವಾರದಲ್ಲಿ ತಯಾರಾದದ್ದು. ಗಾಡಿ ಎಂದಿನಿಂದ ನಿಂತಿದೆ ಎಂಬ ಬಗ್ಗೆ ಮಾರುವವರ ನೆನಪಿಗಿಂತ ಈ ಮುದ್ರೆಯ ಮೇಲೆ ನನಗೆ ಹೆಚ್ಚು ನಂಬಿಕೆ.

ಎಂಜಿನ್ ಮುಟ್ಟುವ ಮೊದಲು ಚೌಕಟ್ಟನ್ನು ನೋಡಿದೆ. ಸೆಂಟರ್ ಸ್ಟ್ಯಾಂಡ್ ಹಾಕಿ, ಮುಂಚಕ್ರ ನೆಲದಿಂದ ಮೇಲೆದ್ದಿರುವಾಗ ಹ್ಯಾಂಡಲನ್ನು ನಿಧಾನವಾಗಿ ಅತ್ತಿತ್ತ ತಿರುಗಿಸಬೇಕು. ನಡುವಿನಲ್ಲಿ ಕಚ್ಚಿಕೊಂಡಂತಾದರೆ ಹ್ಯಾಂಡಲ್ ತಿರುಗುವ ಹೆಡ್ ಬೇರಿಂಗಿನ ಬಟ್ಟಲುಗಳಲ್ಲಿ ಗುಳಿ ಬಿದ್ದಿದೆ ಎಂದರ್ಥ; ಅದು ಬದಲಿಸಬಹುದಾದದ್ದು. ಮುಂಚಕ್ರವನ್ನು ಹೊತ್ತ ಫೋರ್ಕಿನ ಕಾಲುಗಳನ್ನು ಹಿಡಿದು ಹಿಂದಕ್ಕೂ ಮುಂದಕ್ಕೂ ಅಲುಗಿಸಿದೆ, ಹಿಂಚಕ್ರವನ್ನು ಹೊತ್ತ ಸ್ವಿಂಗ್ ಆರ್ಮನ್ನು ಎಡಬಲಕ್ಕೆ ತಳ್ಳಿದೆ. ಆಮೇಲೆ ಕೆಲವು ಹೆಜ್ಜೆ ಹಿಂದೆ ಹೋಗಿ ಮೊಣಕಾಲೂರಿ ಎರಡೂ ಚಕ್ರ ಒಂದೇ ಗೆರೆಯಲ್ಲಿವೆಯೇ ಎಂದು ನೋಡಿದೆ. ಹ್ಯಾಂಡಲ್ ಪೂರ್ತಿ ತಿರುಗಿದಾಗ ತಡೆಯುವ ಗಟ್ಟಿಗಳಿರುತ್ತವೆ. ಅವು ಜಜ್ಜಿದ್ದರೆ, ಹೆಡ್ ಟ್ಯೂಬಿನ ಕೆಳಗೆ ಬಣ್ಣ ಸುಕ್ಕುಗಟ್ಟಿದ್ದರೆ, ಗಾಡಿ ಎದುರಿನಿಂದ ಬಡಿದಿದೆ. ಬಾಗಿದ ಚೌಕಟ್ಟನ್ನು ನಾನು ಬಿಟ್ಟಿ ಕೊಟ್ಟರೂ ತರುವುದಿಲ್ಲ.

ಇನ್ನೊಂದು ಜಾಗವನ್ನು ಹೆಚ್ಚಿನವರು ನೋಡುವುದಿಲ್ಲ: ಎಂಜಿನ್ ಮುಚ್ಚಳದ ಸ್ಕ್ರೂಗಳ ತಲೆ. ಕಿತ್ತುಹೋದ ಸ್ಕ್ರೂ ತಲೆ ಎಂದರೆ ಒಳಗೆ ಅವಸರದ ಕೈ ಹೋಗಿ ಬಂದಿದೆ. ಹಳೆಯ ಜಪಾನಿ ಗಾಡಿಗಳ ಪ್ಲಸ್ ಆಕಾರದ ಗೆರೆಯ ಸ್ಕ್ರೂಗಳು ಫಿಲಿಪ್ಸ್ ಅಲ್ಲ, ಜಪಾನಿನ ಕೈಗಾರಿಕಾ ಮಾನದಂಡದ, ಅಂದರೆ ಜೆಐಎಸ್ ಮಾದರಿಯವು. ಹಲವುಗಳ ತಲೆಯ ಮೇಲೆ ಸಣ್ಣ ಚುಕ್ಕೆಯೂ ಇರುತ್ತದೆ. ಫಿಲಿಪ್ಸ್ ತಿರುಪುಳಿ ಅದರಲ್ಲಿ ಪೂರ್ತಿ ಕೂರದೆ ಮೇಲಕ್ಕೆ ಜಾರಿ ತಲೆಯನ್ನು ತಿಂದುಹಾಕುತ್ತದೆ. ಈ ಗಾಡಿಯ ಸ್ಕ್ರೂಗಳು ಕಾರ್ಖಾನೆಯಿಂದ ಬಂದಂತೆಯೇ ಇದ್ದವು. ಆ ಹೊತ್ತಿಗೇ ನನ್ನ ಮನಸ್ಸು ಅರ್ಧ ಒಪ್ಪಿತ್ತು.

'ಕಾರ್ಬ್ಯುರೇಟರ್ ತೊಳೆದರೆ ಸ್ಟಾರ್ಟ್ ಆಗುತ್ತದೆ' ಎಂದರು ಮಾಲೀಕರು. ಓಡದ ಬೈಕು ಮಾರುವವರೆಲ್ಲ ಹೇಳುವ ಮಾತು ಇದು. ಅಷ್ಟೇ ಆಗಿದ್ದರೆ ತೊಳೆದು, ಓಡುವ ಗಾಡಿಯ ಬೆಲೆಗೇ ಮಾರಬಹುದಿತ್ತಲ್ಲ? ಕೇಳಲಿಲ್ಲ, ನಕ್ಕು ಸುಮ್ಮನಾದೆ. ವರ್ಷಗಟ್ಟಲೆ ನಿಂತ ಎಂಜಿನ್ನನ್ನು ಒಮ್ಮೆಲೇ ಕಿಕ್ ಮಾಡಬಾರದು. ತುಕ್ಕು ಹಿಡಿದ ಗೋಡೆಗೆ ರಿಂಗು ಅಂಟಿಕೊಂಡಿದ್ದರೆ ಗೀರು ಬೀಳುತ್ತದೆ, ರಿಂಗು ಮುರಿಯಲೂಬಹುದು. ಅವರ ಅನುಮತಿ ಕೇಳಿ ಪ್ಲಗ್ ಬಿಚ್ಚಿ, ಒಂದು ಚಮಚೆ ಎಂಜಿನ್ ಎಣ್ಣೆ ಒಳಗೆ ಬಿಟ್ಟು, ಉಳಿದದ್ದನ್ನು ನೋಡುತ್ತ ಕಾದೆ. ಆಮೇಲೆ ಟಾಪ್ ಗೇರಿಗೆ ಹಾಕಿ ಹಿಂಚಕ್ರವನ್ನು ಕೈಯಿಂದ ತಿರುಗಿಸಿದೆ. ಪಿಸ್ಟನ್ ಅಲುಗಿತು.

ಸಿಲಿಂಡರಿನ ಒತ್ತಡ ಅಳೆಯುವ ಕಂಪ್ರೆಷನ್ ಗೇಜ್ ಹಚ್ಚಿ, ಥ್ರಾಟಲ್ ಪೂರ್ತಿ ತೆರೆದು, ಮುಳ್ಳು ಮೇಲೇರುವುದು ನಿಲ್ಲುವವರೆಗೆ ಕಿಕ್ ಮಾಡಿದೆ. ಕೈಪಿಡಿಯಲ್ಲಿ ಹೇಳಿದ ಅಂಕಿಯ ಹತ್ತಿರವೇ ಬಂತು. ಮಾಲೀಕರ ಮುಖ ಅರಳಿತು. ಆದರೆ ಎಣ್ಣೆ ಬಿಟ್ಟ ಮೇಲೆ ಬರುವ ಅಂಕಿಯನ್ನು ಬಿಡಿಸಿ ಓದಬೇಕು. ಎಣ್ಣೆ ರಿಂಗಿನ ಸುತ್ತಲಿನ ಸಂದನ್ನು ಮುಚ್ಚುತ್ತದೆ, ವಾಲ್ವನ್ನು ಮುಚ್ಚಲಾರದು. ಎಣ್ಣೆ ಇದ್ದೂ ಅಂಕಿ ಕೆಳಗೇ ಉಳಿದಿದ್ದರೆ ವಾಲ್ವ್ ಸೋರುತ್ತಿದೆ, ಇಲ್ಲವೇ ಹೆಡ್ ಗ್ಯಾಸ್ಕೆಟ್ ಹೋಗಿದೆ ಎಂದಾಗುತ್ತಿತ್ತು. ಹಾಗಾಗಿ ನನಗೆ ತಿಳಿದದ್ದು ಇಷ್ಟೆ: ವಾಲ್ವುಗಳು ಸರಿಯಾಗಿ ಕೂರುತ್ತಿವೆ, ರಿಂಗು ಮತ್ತು ಬೋರಿನ (ಸಿಲಿಂಡರಿನ ಒಳಗೋಡೆಯ) ಬಗ್ಗೆ ಏನೂ ಗೊತ್ತಿಲ್ಲ. ಗೊತ್ತಿಲ್ಲದ್ದನ್ನೆಲ್ಲ ಕೆಟ್ಟಿದೆ ಎಂದೇ ಲೆಕ್ಕ ಹಿಡಿಯುವುದು ನನ್ನ ಪದ್ಧತಿ.

ಬೆಲೆ ಮಾತಾಡಿದ್ದೂ ಆ ಲೆಕ್ಕದ ಮೇಲೆಯೇ. ನಿಂತ ಗಾಡಿಗೆ ನೋಡದೆಯೇ ಬರೆಯಬಹುದಾದ ಖರ್ಚುಗಳಿವೆ: ಎರಡು ಟೈರು, ಟ್ಯೂಬು, ಬ್ಯಾಟರಿ, ಚೈನು ಮತ್ತು ಸ್ಪ್ರಾಕೆಟ್, ಎಲ್ಲ ಕೇಬಲ್‌ಗಳು, ಬ್ರೇಕ್ ಶೂ, ಫೋರ್ಕಿನ ಆಯಿಲ್ ಸೀಲ್, ಪೂರ್ತಿ ಗ್ಯಾಸ್ಕೆಟ್ ಸೆಟ್. ಇದಕ್ಕೆ ಬೋರ್ ಕೆಲಸ ಸೇರಿಸಿದೆ. ಅದೇ ಮಾದರಿಯ, ಚೆನ್ನಾಗಿ ಓಡುವ ಗಾಡಿ ಎಷ್ಟಕ್ಕೆ ಸಿಗುತ್ತದೆ ಎನ್ನುವುದರಿಂದ ಇದನ್ನು ಕಳೆದರೆ ಉಳಿಯುವುದೇ ನಾನು ಕೊಡಬಹುದಾದ ಗರಿಷ್ಠ. ನನ್ನ ದುಡಿಮೆಗೆ ಬೆಲೆ ಕಟ್ಟಲಿಲ್ಲ. ಕಟ್ಟಿದರೆ ಯಾವ ಪ್ರಾಜೆಕ್ಟ್ ಬೈಕೂ ಲಾಭದ್ದಾಗುವುದಿಲ್ಲ. ಲಾಭ ಬೇಕಾದವರು ಓಡುವ ಗಾಡಿಯನ್ನೇ ಕೊಳ್ಳಲಿ. ಪಟ್ಟಿಯನ್ನು ಮಾಲೀಕರ ಮುಂದೆಯೇ ಬರೆದು ತೋರಿಸಿದೆ. ಚೌಕಾಸಿಗಿಂತ ಅದೇ ಬೇಗ ಕೆಲಸ ಮಾಡಿತು.

ಮನೆಗೆ ತಂದ ಮೇಲೆ ಸ್ಟಾರ್ಟ್ ಮಾಡಿ ನೋಡುವ ಚಪಲವನ್ನು ತಡೆದುಕೊಂಡು ಫೋಟೋ ತೆಗೆಯುತ್ತ ಹೋದೆ. ವೈರು ಯಾವ ಕೇಬಲಿನ ಒಳಬದಿಯಲ್ಲಿ ಹೋಗುತ್ತದೆ, ಯಾವ ಬೋಲ್ಟ್ ಉದ್ದ, ಯಾವುದು ಗಿಡ್ಡ, ಎಲ್ಲವೂ. ಮುಚ್ಚಳದ ಬೋಲ್ಟುಗಳನ್ನು ಮುಚ್ಚಳದ ಆಕಾರದಲ್ಲೇ ರಟ್ಟಿಗೆ ಚುಚ್ಚಿಟ್ಟೆ. ಉದ್ದನೆಯ ಬೋಲ್ಟನ್ನು ಗಿಡ್ಡದರ ಜಾಗಕ್ಕೆ ಬಿಗಿದು ಕ್ರ್ಯಾಂಕ್ ಕೇಸ್ ಸೀಳಿದ ಎಂಜಿನ್‌ಗಳನ್ನು ನೋಡಿದ್ದೇನೆ.

ಟ್ಯಾಂಕಿನಲ್ಲಿ ಪೆಟ್ರೋಲಿನ ವಾಸನೆಯೇ ಇರಲಿಲ್ಲ, ವಾರ್ನಿಷಿನಂಥ ಹುಳಿ ನಾತ. ಬಿಸಿನೀರಿನಲ್ಲಿ ಸಿಟ್ರಿಕ್ ಆಮ್ಲ ಕರಗಿಸಿ ತುಂಬಿಟ್ಟರೆ ತುಕ್ಕು ಬಿಡುತ್ತದೆ. ಚೆಲ್ಲಿದ ತಕ್ಷಣ ಅಡುಗೆ ಸೋಡದ ನೀರಿನಲ್ಲಿ ತೊಳೆದು, ಬಿಸಿಗಾಳಿಯಲ್ಲಿ ಒಣಗಿಸಿ, ಒಳಗೆಲ್ಲ ಎಣ್ಣೆ ಸವರಬೇಕು; ತಡಮಾಡಿದರೆ ಗಂಟೆಯೊಳಗೇ ಹೊಸ ತುಕ್ಕು ಏಳುತ್ತದೆ. ಕಾರ್ಬ್ಯುರೇಟರಿನಲ್ಲಿ ಪೆಟ್ರೋಲ್ ಹಾಯುವ ಪೈಲಟ್ ಜೆಟ್ಟಿನ ರಂಧ್ರ ಕೂದಲೆಳೆಯಷ್ಟು ಸಣ್ಣದು. ಅದಕ್ಕೆ ಸೂಜಿ ಹಾಕಿ ಅಗಲ ಮಾಡದೆ ಕ್ಲೀನರಿನಲ್ಲಿ ನೆನೆಹಾಕಿ ಗಾಳಿ ಊದಿದೆ. ಬೆಳಕಿಗೆ ಹಿಡಿದಾಗ ಆಚೆ ಬದಿ ಕಾಣುವವರೆಗೆ ಬಿಡಲಿಲ್ಲ.

ಸಿಲಿಂಡರ್ ಎತ್ತಿದಾಗ ಎರಡನೆಯ ರಿಂಗು ಮಸಿಗಟ್ಟಿ ತೋಡಿನಲ್ಲೇ ಅಂಟಿತ್ತು, ಬೋರಿನ ಮೇಲ್ತುದಿಯಲ್ಲಿ ಉಗುರಿಗೆ ತಗಲುವಷ್ಟು ಮೆಟ್ಟಿಲು ಸವೆದಿತ್ತು. ಅಂಥ ಬೋರಿಗೆ ಹೊಸ ರಿಂಗು ಹಾಕುವುದು ದಂಡ. ಮೂಲ ಅಳತೆಗಿಂತ ದೊಡ್ಡದಾದ ಓವರ್‌ಸೈಜ್ ಪಿಸ್ಟನ್‌ಗಳು ಸಾಮಾನ್ಯವಾಗಿ 0.25 ಮಿ.ಮೀ.ನ ಹಂತಗಳಲ್ಲಿ ಬರುತ್ತವೆ. ಅಳತೆ ನೋಡಿ 0.50ಕ್ಕೆ ಬೋರ್ ಮಾಡಿಸಿದೆ. ಮೊದಲು ಪಿಸ್ಟನ್ ಕೊಂಡು, ಅದನ್ನೇ ಲೇತ್ ಅಂಗಡಿಗೆ ಕೊಟ್ಟು, ಅದರ ಅಳತೆಗೆ ಬೋರ್ ಮಾಡಿಸಬೇಕು. ಬೋರ್ ಮೊದಲು, ಪಿಸ್ಟನ್ ಆಮೇಲೆ ಎನ್ನುವ ಅಂಗಡಿಯಿಂದ ಸಿಲಿಂಡರನ್ನು ವಾಪಸು ತರುವುದೇ ಒಳ್ಳೆಯದು.

ಎಂಜಿನ್ನಿಗಿಂತ ಹೆಚ್ಚು ಹೊತ್ತು ತಿಂದದ್ದು ವೈರಿಂಗ್. ಯಾವುದೋ ಕಾಲದಲ್ಲಿ ಅಲಾರಂ ಕೂರಿಸಲು ವೈರು ಕತ್ತರಿಸಿ, ಟೇಪು ಸುತ್ತಿ ಬಿಟ್ಟಿದ್ದರು. ಹೊಸ ಬ್ಯಾಟರಿ 12.6 ವೋಲ್ಟ್ ತೋರಿಸಿದರೂ ಇಗ್ನಿಷನ್ ಕಾಯಿಲಿನ ಬಳಿ ಒಂದೂವರೆ ವೋಲ್ಟ್ ಕಡಿಮೆ. ಕಾಯಿಲ್ ಬದಲಿಸಿ ಎಂದು ಸಲಹೆ ಕೊಟ್ಟವರಿದ್ದರು. ಮೀಟರಿನ ಒಂದು ಮುಳ್ಳನ್ನು ಬ್ಯಾಟರಿಯ ಪ್ಲಸ್ಸಿಗೂ ಇನ್ನೊಂದನ್ನು ಸಾಲಿನ ಪ್ರತಿ ಕನೆಕ್ಟರಿಗೂ ಇಡುತ್ತ ಹೋದೆ. ಹಸಿರುಗಟ್ಟಿದ ಎರಡು ಕನೆಕ್ಟರ್‌ಗಳು ಮತ್ತು ಕೀ ಸ್ವಿಚ್ಚಿನ ಒಳಗಿನ ಕೊಳೆ ಸಿಕ್ಕವು. ಉಜ್ಜಿದ ಮೇಲೆ ವೋಲ್ಟೇಜ್ ಬಂತು, ಹಳೆಯ ಕಾಯಿಲೇ ಇಂದಿಗೂ ಇದೆ.

ಸ್ಟಾರ್ಟ್ ಮಾಡುವ ದಿನ ಮೊದಲು ಪ್ಲಗ್ ಇಲ್ಲದೆ ಕಿಕ್ ಮಾಡಿ, ಹೆಡ್ಡಿಗೆ ಎಣ್ಣೆ ಏರುವುದನ್ನು ಕಣ್ಣಾರೆ ನೋಡಿದೆ. ಎಂಜಿನ್ ಸ್ಟಾರ್ಟ್ ಆದ ಮೇಲೆ ಬ್ಯಾಟರಿಯ ತುದಿಗಳಲ್ಲಿ ಸುಮಾರು 14 ವೋಲ್ಟ್ ಬರುತ್ತಿತ್ತು, ಅಂದರೆ ಚಾರ್ಜಿಂಗ್ ಸರಿ. ಹೊಸ ಬೋರಿನ ಎಣ್ಣೆಯನ್ನು ಬೇಗನೆ ಬದಲಿಸಿ, ವಾಲ್ವಿಗೆ ಬಿಡುವ ಸಂದನ್ನು (ವಾಲ್ವ್ ಕ್ಲಿಯರೆನ್ಸ್) ಎಂಜಿನ್ ತಣ್ಣಗಿರುವಾಗ ಮತ್ತೆ ನೋಡಿಕೊಂಡೆ. ಬಣ್ಣ ಹೊಡೆಸಿಲ್ಲ. ಟ್ಯಾಂಕಿನ ಮೇಲಿನ ಗೀರುಗಳು ಹಾಗೆಯೇ ಇವೆ, ಕ್ರೋಮ್ ಮಂಕಾಗಿದೆ, ನನಗೆ ಅದು ಹಾಗಿರುವುದೇ ಇಷ್ಟ.

ಈಗ ಒಂದು ಟೂ ಸ್ಟ್ರೋಕ್ ಮೇಲೆ ಕಣ್ಣಿದೆ. ಅಲ್ಲಿ ನೋಡಬೇಕಾದದ್ದು ಬೇರೆ. ಕ್ರ್ಯಾಂಕ್ ದಂಡದ ಸುತ್ತ ಗಾಳಿ, ಎಣ್ಣೆ ತಡೆಯುವ ಸೀಲ್ ಕ್ಲಚ್ಚಿನ ಬದಿಯಲ್ಲಿ ಹೋಗಿದ್ದರೆ ಎಂಜಿನ್ ಗೇರ್ ಎಣ್ಣೆಯನ್ನು ಎಳೆದುಕೊಂಡು ಬಿಳಿ ಹೊಗೆ ಉಗುಳುತ್ತದೆ. ಮ್ಯಾಗ್ನೆಟ್ ಬದಿಯಲ್ಲಿ ಹೋಗಿದ್ದರೆ ಹೊಗೆ ಕಾಣುವುದಿಲ್ಲ, ಹೊರಗಿನ ಗಾಳಿ ಸೇರಿ ಮಿಶ್ರಣ ತೆಳುವಾಗಿ ಪಿಸ್ಟನ್ನೇ ಸೀಜ್ ಆಗುತ್ತದೆ, ಅಂದರೆ ಸಿಲಿಂಡರಿನಲ್ಲೇ ಕಚ್ಚಿಕೊಳ್ಳುತ್ತದೆ. ಬಿಡಿಭಾಗಗಳ ಪಟ್ಟಿಯನ್ನು ಆಗಲೇ ಮುದ್ರಿಸಿ ಇಟ್ಟುಕೊಂಡಿದ್ದೇನೆ. ಮಾಲೀಕರು ಕಾರ್ಬ್ಯುರೇಟರ್ ತೊಳೆದರೆ ಸಾಕು ಎನ್ನುತ್ತಿದ್ದಾರೆ.