ಎದೆಯೊಳಗೆ ಪಂಪ್ ಇರುವವರ ರಕ್ತ ಹೆಪ್ಪುಗಟ್ಟದಂತೆ ನೋಡಿಕೊಳ್ಳುವುದು ಹೇಗೆ?

ಡೊಂಬಿವಲಿಯ ನಮ್ಮ ಭಾವನವರಿಗೆ ಎಲ್‌ವ್ಯಾಡ್ ಎಂಬ ಹೃದಯದ ಪಂಪ್ ಅಳವಡಿಸಿದ್ದಾರೆ. ಅವರೊಂದಿಗೆ ಆಸ್ಪತ್ರೆಗೆ ಹೋದಾಗಲೆಲ್ಲ ಒಂದು ಮಾತು ಗಮನಕ್ಕೆ ಬಂದಿದೆ. ಬ್ಯಾಟರಿ ಬದಲಿಸುವುದನ್ನು ಮನೆಯವರು ಬೇಗ ಕಲಿಯುತ್ತಾರೆ, ರಕ್ತ ತೆಳುವಾಗಿಸುವ ವಾರ್ಫರಿನ್ ಮಾತ್ರೆಯಲ್ಲಿ ಎಡವುತ್ತಾರೆ.

ಬ್ಯಾಟರಿ ಒಂದೊಂದಾಗಿ ಬದಲಿಸಿ, ಎರಡನ್ನೂ ಒಟ್ಟಿಗೆ ಕಳಚಬೇಡಿ. ಅಷ್ಟೇ.

ಸೋತ ಹೃದಯದಲ್ಲಿ ರಕ್ತ ನಿಧಾನವಾಗಿ ಸುಳಿಯುತ್ತದೆ. ನಿಂತ ರಕ್ತ ಹೆಪ್ಪುಗಟ್ಟುತ್ತದೆ, ಲೋಹ ಸೋಕಿದರೂ ಹಾಗೆಯೇ. ಹಾರ್ಟ್‌ಮೇಟ್ 3 ಎಂಬ ಎಲ್‌ವ್ಯಾಡ್ ಪಂಪಿನ ತಿರುಗುಚಕ್ರ ಅಯಸ್ಕಾಂತದ ಬಲದಲ್ಲಿ ತೇಲುತ್ತದೆ. ಎರಡು ಸೆಕೆಂಡಿಗೊಮ್ಮೆ ವೇಗ ಬದಲಿಸಿ ಒಳಗೆ ರಕ್ತ ನಿಲ್ಲದಂತೆ ತೊಳೆಯುತ್ತದೆ. ಹಳೆಯ ಪಂಪುಗಳಿಗಿಂತ ಇದರಲ್ಲಿ ಹೆಪ್ಪು ಬಹಳ ಕಡಿಮೆ. ಆದರೂ ಮಾತ್ರೆ ಬಿಡುವಂತಿಲ್ಲ. ಹೆಪ್ಪಿನ ಚೂರು ಮಿದುಳಿಗೆ ಹೋದರೆ ಪಾರ್ಶ್ವವಾಯು.

ಇನ್ನು ಕಷ್ಟದ ಭಾಗ. ರಕ್ತ ಹೆಪ್ಪುಗಟ್ಟಲು ಎಷ್ಟು ಹೊತ್ತು ಹಿಡಿಯುತ್ತದೆಂದು ತೋರಿಸುವ ರಕ್ತಪರೀಕ್ಷೆಯ ಐಎನ್‌ಆರ್ ಅಂಕಿ ಸಾಮಾನ್ಯವಾಗಿ 2ರಿಂದ 3ರ ನಡುವೆ ಇರಬೇಕು. ಇಳಿದರೆ ಹೆಪ್ಪು, ಏರಿದರೆ ರಕ್ತಸ್ರಾವ. ಇಂದು ನುಂಗಿದ ಮಾತ್ರೆಯ ಪೂರ್ತಿ ಪರಿಣಾಮ ಕಾಣಲು ಎರಡು ಮೂರು ದಿನ ಬೇಕು. ಇದು ತಿಳಿಯದೆ ಅಂಕಿ ಇಳಿದ ದಿನ ತಾವೇ ಒಂದು ಮಾತ್ರೆ ಹೆಚ್ಚು ಕೊಟ್ಟು, ಮುಂದಿನ ವಾರ ಮೂಗಿನಿಂದ ರಕ್ತ ಸುರಿಸಿಕೊಂಡು ಬಂದವರನ್ನು ನೋಡಿದ್ದೇನೆ. ಪ್ರಮಾಣ ಬದಲಿಸುವುದು ವೈದ್ಯರ ಕೆಲಸ. ಮರೆತ ಮಾತ್ರೆ ಅದೇ ದಿನ ನೆನಪಾದರೆ ಕೊಡಿ. ಮರುದಿನ ನೆನಪಾದರೆ ಎರಡು ಕೊಡಬೇಡಿ, ಆಸ್ಪತ್ರೆಗೆ ತಿಳಿಸಿ. ವಾರ್ಫರಿನ್ ಬದಲು ಅಂಗಡಿಯವರು ಅದೇ ಬಗೆಯ ಇನ್ನೊಂದು ಮಾತ್ರೆ ಅಸಿಟ್ರೋಮ್ ಕೊಟ್ಟರೆ ತೆಗೆದುಕೊಳ್ಳಬೇಡಿ, ಎರಡರ ಪ್ರಮಾಣ ಬೇರೆ.

ಅಕ್ಕ ರಾತ್ರಿ ಎಂಟಕ್ಕೆ ಮಾತ್ರೆ ಕೊಟ್ಟ ಕೂಡಲೇ ಕಾಲನಿರ್ಣಯ ಕ್ಯಾಲೆಂಡರಿನ ಆ ದಿನದ ಚೌಕದಲ್ಲಿ ಕೆಂಪು ಶಾಯಿಯಿಂದ ಗುರುತು ಹಾಕುತ್ತಾಳೆ, ಪರೀಕ್ಷೆಯಾದ ದಿನ ಅಂಕಿಯನ್ನೂ ಬರೆಯುತ್ತಾಳೆ. ಮೊಬೈಲ್ ಅಲಾರಾಂ ನಂಬಬೇಡಿ, ಆರಿಸಿದ ಮೇಲೆ ಮಾತ್ರೆ ನುಂಗಿದ್ದು ನೆನಪಿರುವುದಿಲ್ಲ. ಸಡಿಲ ಮುಚ್ಚಳದ ಅಗ್ಗದ ಮಾತ್ರೆ ಡಬ್ಬಿಯೂ ಬೇಡ. ಲೋಕಲ್ ರೈಲಿನ ನೂಕುನುಗ್ಗಲಿನಲ್ಲಿ ಸೋಮವಾರದ್ದು ಗುರುವಾರಕ್ಕೆ ಸೇರುತ್ತದೆ.

ಸೊಪ್ಪಿನಲ್ಲಿರುವ ವಿಟಮಿನ್ ಕೆ ಮಾತ್ರೆಯ ಕೆಲಸವನ್ನು ತಗ್ಗಿಸುತ್ತದೆ. ಹಾಗೆಂದು ಸೊಪ್ಪು ಬಿಡಬೇಕಿಲ್ಲ, ಪ್ರತಿವಾರ ಒಂದೇ ಅಳತೆಯಲ್ಲಿರಲಿ. ಆಟಿ ತಿಂಗಳೆಂದು ಮೂರು ದಿನ ಪತ್ರೊಡೆ ತಿಂದು ಆಮೇಲೆ ಸೊಪ್ಪೇ ಮುಟ್ಟದಿದ್ದರೆ ಅಂಕಿ ಓಲಾಡುತ್ತದೆ. ‘ರಕ್ತಶುದ್ಧಿ’ ಕಷಾಯಗಳನ್ನು ಮನೆಗೇ ತರಬೇಡಿ. ನೋವಿಗೆ ಡೈಕ್ಲೋಫಿನ್ಯಾಕ್, ಐಬುಪ್ರೊಫೆನ್ ಕೊಡಬೇಡಿ.

ಬೆಳಿಗ್ಗೆ ಕಂಟ್ರೋಲರ್, ಅಂದರೆ ಪಂಪನ್ನು ನಿಯಂತ್ರಿಸುವ ಹೊರಗಿನ ಪೆಟ್ಟಿಗೆಯ ಪರದೆಯಲ್ಲಿ ಕಾಣುವ ವ್ಯಾಟ್ ಅಂಕಿ (ಪಂಪ್ ಬಳಸುವ ವಿದ್ಯುತ್ತು) ಬರೆದಿಡಿ. ಅದು ದಿನದಿನಕ್ಕೆ ಏರುತ್ತಿದ್ದರೆ, ಮೂತ್ರ ಹಾಲಿಲ್ಲದ ಚಹಾದ ಬಣ್ಣಕ್ಕೆ ತಿರುಗಿದರೆ, ಮಾತು ತೊದಲಿದರೆ, ಅಪಾಯಿಂಟ್‌ಮೆಂಟ್ ಕಾಯದೆ 108ಕ್ಕೆ ಕರೆ ಮಾಡಿ. ಹೆಚ್ಚುವರಿ ಕಂಟ್ರೋಲರ್, ಬ್ಯಾಟರಿ ಜೊತೆಗಿರಲಿ. ಪಂಪ್ ಇರುವವರ ನಾಡಿ ಕೈಗೆ ಸಿಗದಿರಬಹುದೆಂದು ಆಂಬುಲೆನ್ಸಿನವರಿಗೆ ಬಾಗಿಲಲ್ಲೇ ಹೇಳಿ.