ಶೆಲ್ಟರಿನಲ್ಲಿ ಒಂದು ವರ್ಷ: ಔಷಧಿಗಿಂತ ಮೊದಲು ಬಕೆಟ್ಟು

ನಾಯಿ, ಬೆಕ್ಕುಗಳ ಶೆಲ್ಟರಿಗೆ ಕೆಲಸಕ್ಕೆಂದು ಹೊಸದಾಗಿ ಸೇರುವವರಿಗೆ ಡ್ರಿಪ್ ಹಾಕುವುದು, ಇಂಜೆಕ್ಷನ್ ಕೊಡುವುದು ಕಲಿಯುವ ಆತುರ. ನಾವು ಮೊದಲು ಕಲಿಸುವುದು ಬಕೆಟ್ಟು ಹಿಡಿದು ಯಾವ ಕೋಣೆಯಿಂದ ಯಾವ ಕೋಣೆಗೆ ಹೋಗಬೇಕು ಅನ್ನುವುದನ್ನು. ಆರೋಗ್ಯವಾಗಿರುವ ಮರಿಗಳು ಮತ್ತು ಹಾಲೂಡಿಸುವ ತಾಯಂದಿರು ಮೊದಲು. ಆಮೇಲೆ ದೊಡ್ಡ ನಾಯಿಗಳು, ಅವುಗಳ ನಂತರ ಕ್ವಾರಂಟೈನಿನಲ್ಲಿರುವ ಹೊಸಬು, ಕಟ್ಟಕಡೆಗೆ ಕಾಯಿಲೆಯವು. ಈ ಸುತ್ತಿನಲ್ಲಿ ಹಿಂದಕ್ಕೆ ಬರುವಂತಿಲ್ಲ. ಮರೆತ ಬಟ್ಟಲಿಗೆಂದು ಕಾಯಿಲೆ ಕೋಣೆಯಿಂದ ಮರಿಗಳ ಕೋಣೆಗೆ ಒಂದೇ ಸಲ ಓಡಿಹೋದರೂ ನಾಯಿಮರಿಗಳಿಗೆ ವಾಂತಿ, ಬೇಧಿ ತರುವ ಪಾರ್ವೊ ವೈರಸ್ಸು ಚಪ್ಪಲಿಯ ಜೊತೆ ಹೋಗಿರುತ್ತದೆ. ಐದಾರು ದಿನ ಕಳೆದ ಮೇಲೆ ಒಂದು ಮರಿ ಊಟ ಬಿಡುತ್ತದೆ, ವಾಂತಿ ಶುರುವಾಗುತ್ತದೆ, ಕಾರಣ ಯಾರಿಗೂ ನೆನಪಿರುವುದಿಲ್ಲ.

ನೆಲ ಫಳಫಳ ಹೊಳೆದು ಘಮಘಮಿಸಿದರೆ ಪಾರ್ವೊ ಸತ್ತಿತು ಎಂದಲ್ಲ. ಸಾಮಾನ್ಯ ಫಿನೈಲಿಗೆ ಅದು ಬಗ್ಗುವುದಿಲ್ಲ. ನಾವು ಬಳಸುವುದು ಶೇ. 5ರ ಬ್ಲೀಚನ್ನು 10 ಲೀಟರ್ ನೀರಿಗೆ 300 ಮಿಲಿಯಂತೆ ಬೆರೆಸಿದ ದ್ರಾವಣ, ಅಳತೆಯ ಲೋಟದಲ್ಲೇ. ಆದರೆ ಬ್ಲೀಚ್ ಕೊನೆಯ ಹೆಜ್ಜೆ. ಮೊದಲು ಮಲ, ಕೂದಲು, ಅನ್ನದ ಅಗಳು ಕೆರೆದು ತೆಗೆಯಬೇಕು, ಸೋಪಿನ ನೀರಲ್ಲಿ ಉಜ್ಜಬೇಕು, ತೊಳೆಯಬೇಕು. ಕೊಳೆಯ ಮೇಲೆ ಸುರಿದ ಬ್ಲೀಚ್ ಕೊಳೆಯ ಜೊತೆಗೇ ಗುದ್ದಾಡಿ ಮುಗಿದುಹೋಗುತ್ತದೆ, ವೈರಸ್ಸಿನ ಪಾಲಿಗೆ ಏನೂ ಉಳಿಯುವುದಿಲ್ಲ. ಮೂತ್ರ ತೊಳೆಯದೆ ಸುರಿದರೆ ಕಣ್ಣು, ಗಂಟಲು ಉರಿಸುವ ವಿಷಗಾಳಿ ಬೇರೆ. ದ್ರಾವಣ ಹಾಕಿದ ಮೇಲೆ ನೆಲ ಪೂರ್ತಿ 10 ನಿಮಿಷ ಒದ್ದೆಯಾಗಿಯೇ ಇರಬೇಕು. ಸೆಖೆಯಲ್ಲಿ ನಾಲ್ಕು ನಿಮಿಷಕ್ಕೇ ಆರಿಬಿಡುತ್ತದೆ, ಎರಡನೇ ಸಲ ಹಾಕದೆ ಗತಿಯಿಲ್ಲ. ಆಮೇಲೆ ಮತ್ತೆ ತೊಳೆದು, ಒಣಗಿಸಿ, ಪ್ರಾಣಿಯನ್ನು ಒಳಗೆ ಬಿಡುವುದು. ನಿನ್ನೆ ಕಲೆಸಿದ್ದನ್ನು ಇವತ್ತು ಬಳಸುವುದಿಲ್ಲ.

ಬಾಗಿಲಲ್ಲಿ ಕಾಲು ಅದ್ದುವ ತಟ್ಟೆಯನ್ನು ನಾನು ನಂಬುವುದಿಲ್ಲ. ಅರ್ಧ ಗಂಟೆಯಲ್ಲಿ ಅದು ಕೆಸರು ನೀರು. ಕೋಣೆಗೊಂದು ಜೊತೆ ರಬ್ಬರ್ ಬೂಟು ಇಟ್ಟರೆ ಕೆಲಸ ಮುಗಿಯಿತು. ಮಣ್ಣಿನ ಅಂಗಳವನ್ನಂತೂ ಶುದ್ಧ ಮಾಡಲಾಗದು. ಅಲ್ಲಿ ಪಾರ್ವೊ ನಾಯಿ ಬೇಧಿ ಮಾಡಿದ್ದರೆ ಲಸಿಕೆ ಪೂರ್ತಿಯಾಗದ ಮರಿಗಳನ್ನು ಒಂದು ವರ್ಷ ಬಿಡುವುದಿಲ್ಲ. ಇನ್ನು ಫಿನೈಲ್ ಬೆಕ್ಕುಗಳ ಕೋಣೆಗೆ ಕಾಲಿಡಲೇಬಾರದು. ಪಾದಕ್ಕೆ ಅಂಟಿದ್ದನ್ನು ಅವು ನೆಕ್ಕುತ್ತವೆ, ಫಿನೈಲಿನಲ್ಲಿರುವ ಫಿನಾಲನ್ನು ಅರಗಿಸುವ ಶಕ್ತಿ ಅವುಗಳ ಯಕೃತ್ತಿಗೆ ತೀರಾ ಕಡಿಮೆ.

ಲಸಿಕೆ ಬಾಗಿಲಲ್ಲೇ, ಒಳಗೆ ಬಿಡುವ ಮೊದಲೇ. ‘ಎರಡು ದಿನ ಸುಧಾರಿಸಿಕೊಳ್ಳಲಿ’ ಎಂದು ಕಾಯುವುದು ಸೋಂಕಿಗೆ ಕೊಟ್ಟ ಗಡುವು. ಶೆಲ್ಟರಿನಲ್ಲಿ ನಾಯಿಮರಿಗಳಿಗೆ 4 ವಾರದ ವಯಸ್ಸಿನಿಂದ ಶುರುಮಾಡಿ, 2 ವಾರಕ್ಕೊಮ್ಮೆಯಂತೆ 20 ವಾರದವರೆಗೆ ಕೊಡುತ್ತೇವೆ. ‘ಲಸಿಕೆ ಒಂದು ಸಲ ಹಾಕಿಸಿದ್ದರೂ ಕಾಯಿಲೆ ಬಂತಲ್ಲ’ ಎಂದು ಕೇಳುವವರು ಬಹಳ. ತಾಯಿಯ ಮೊದಲ ಹಾಲಿನಿಂದ ಬಂದ ಪ್ರತಿಕಾಯಗಳು ಲಸಿಕೆಯನ್ನೇ ತಟಸ್ಥ ಮಾಡಿಬಿಡುತ್ತವೆ. ಅವು ಯಾವ ವಾರ ಇಳಿಯುತ್ತವೆಂಬುದು ಮರಿಯಿಂದ ಮರಿಗೆ ಬೇರೆ. ಹಾಗಾಗಿ ಬಾಗಿಲು ತೆರೆಯುವವರೆಗೆ ತಟ್ಟುತ್ತಲೇ ಇರಬೇಕು. ಕ್ವಾರಂಟೈನ್ 14 ದಿನ. ಹತ್ತನೇ ದಿನ ಆ ಕೋಣೆಗೆ ಇನ್ನೊಂದು ಮರಿ ಸೇರಿತೋ, ಎಲ್ಲಕ್ಕೂ ಎಣಿಕೆ ಮತ್ತೆ ಒಂದರಿಂದ.

ತಾಯಿಯಿಲ್ಲದ ಬೆಕ್ಕಿನ ಮರಿ ಕೈಗೆ ಬಂದಾಗ ಎಲ್ಲರ ಕೈ ಹೋಗುವುದು ಹಾಲಿನ ಕಡೆಗೆ. ಮೊದಲು ಥರ್ಮಾಮೀಟರ್ ಹಿಡಿಯಿರಿ. ಮೈ 35 ಡಿಗ್ರಿ ಸೆಲ್ಸಿಯಸ್‌ಗಿಂತ ಕಡಿಮೆಯಿದ್ದರೆ ಕರುಳು ಚಲಿಸುವುದಿಲ್ಲ. ಕುಡಿಸಿದ ಹಾಲು ಹೊಟ್ಟೆಯಲ್ಲೇ ಹುಳಿಯುತ್ತದೆ, ಇಲ್ಲವೇ ಶ್ವಾಸಕೋಶಕ್ಕೆ ಹೋಗುತ್ತದೆ. ಬಿಸಿನೀರಿನ ಬಾಟಲಿಗೆ ಟವೆಲ್ ಸುತ್ತಿ, ಡಬ್ಬದ ಒಂದು ಬದಿಗೆ ಮಾತ್ರ ಇಟ್ಟು, ಒಂದೆರಡು ಗಂಟೆಯಲ್ಲಿ ನಿಧಾನ ಬೆಚ್ಚಗಾಗಿಸುತ್ತೇವೆ. ಸೆಖೆಯಾದರೆ ಮರಿ ಇನ್ನೊಂದು ಬದಿಗೆ ತೆವಳಬೇಕಲ್ಲ! ಆಮೇಲೆ ಮರಿಗಳಿಗೆಂದೇ ಸಿಗುವ ಹಾಲಿನ ಪುಡಿ, 100 ಗ್ರಾಂ ತೂಕಕ್ಕೆ ಒಂದು ಸಲಕ್ಕೆ 4 ಮಿಲಿ. ಹಸುವಿನ ಹಾಲಿಗೆ ಬೇಧಿ ಖಚಿತ. ಮಗುವಿನ ಹಾಗೆ ಅಂಗಾತ ಮಲಗಿಸಬಾರದು. ಹೊಟ್ಟೆ ಕೆಳಗಾಗಿ, ತಲೆ ತುಸು ಮೇಲಾಗಿ. ಮೂಗಿನಲ್ಲಿ ಹಾಲಿನ ಗುಳ್ಳೆ ಕಂಡರೆ ನಿಪ್ಪಲಿನ ತೂತು ದೊಡ್ಡದಾಗಿದೆ ಎಂದರ್ಥ, ಅಲ್ಲೇ ನಿಲ್ಲಿಸಿ. ಕುಡಿದಾದ ಮೇಲೆ ಒದ್ದೆ ಹತ್ತಿಯಿಂದ ಹಿಂಭಾಗ ಮೆಲ್ಲಗೆ ಒರೆಸದಿದ್ದರೆ ಮೂರು ವಾರದೊಳಗಿನ ಮರಿ ಮೂತ್ರವನ್ನೂ ಮಾಡದು. ತೂಕ ದಿನವೂ ಒಂದೇ ಹೊತ್ತಿಗೆ, ಗ್ರಾಂ ತಕ್ಕಡಿಯಲ್ಲಿ. ದಿನಕ್ಕೆ 10–15 ಗ್ರಾಂ ಏರಬೇಕು. ಒಂದು ದಿನ ಏರದಿದ್ದರೂ ಡಾಕ್ಟರಿಗೆ ಹೇಳುತ್ತೇವೆ.

ಚಾರ್ಟಿನಲ್ಲಿ ‘ಚೆನ್ನಾಗಿದೆ’ ಎಂದು ಬರೆಯುವುದನ್ನು ನಿಷೇಧಿಸಿದ್ದೇವೆ. ಬಟ್ಟಲಲ್ಲಿ ಎಷ್ಟು ಉಳಿದಿತ್ತು, ಮಲ ಹೇಗಿತ್ತು, ಎಷ್ಟು ಸಲ ವಾಂತಿ, ಇಷ್ಟು ಬರೆದರೆ ಸಾಕು. ದೊಡ್ಡ ಬೆಕ್ಕಿನ ಚಾರ್ಟಿನಲ್ಲಿ ಎರಡು ದಿನ ಊಟ ಸೊನ್ನೆ ಇದ್ದರೆ ಮೂರನೆಯದಕ್ಕೆ ಕಾಯುವುದಿಲ್ಲ, ಯಕೃತ್ತಿನಲ್ಲಿ ಕೊಬ್ಬು ತುಂಬತೊಡಗುತ್ತದೆ. ನೆಗಡಿಯಿಂದ ಮೂಗು ಕಟ್ಟಿದ ಬೆಕ್ಕಿಗೆ ವಾಸನೆ ಸಿಗದೆ ಊಟ ಬೇಡವಾಗಿರುತ್ತದೆ. ಮೂಗು ಒರೆಸಿ, ಆಹಾರ ಮೈಬಿಸಿಯಷ್ಟು ಬೆಚ್ಚಗೆ ಮಾಡಿ, ಅವಿತುಕೊಳ್ಳಲು ರಟ್ಟಿನ ಡಬ್ಬ ಕೊಟ್ಟು, ಅದರ ಬಾಯಿಯ ಹತ್ತಿರ ಬಟ್ಟಲಿಡುತ್ತೇವೆ. ಎಷ್ಟೋ ಬೆಕ್ಕುಗಳು ಎಲ್ಲರೂ ಹೊರಗೆ ಹೋಗಿ ದೀಪ ಆರಿದ ಮೇಲೆಯೇ ಬಾಯಿ ಹಾಕುವುದು.