ಕಥೆಯನ್ನು ಎಲ್ಲಿಂದ ಆರಂಭಿಸಬೇಕು?

ಕಿರುಚಿತ್ರಕ್ಕೋ ಪಾಡ್‌ಕಾಸ್ಟ್‌ಗೋ ಕಥೆ ಹೆಣೆಯಲು ಕುಳಿತವರು ನೇರವಾಗಿ ಮೊದಲ ದೃಶ್ಯಕ್ಕೆ ಕೈಹಾಕುತ್ತಾರೆ. ಅದಕ್ಕೆ ಮುನ್ನ ಘಟನೆಗಳನ್ನೆಲ್ಲ ನಡೆದ ಕ್ರಮದಲ್ಲಿ, ಒಂದೊಂದು ಚೀಟಿಯಲ್ಲಿ ಬರೆದು ಮೇಜಿನ ಮೇಲೆ ಹರಡಿ. ಹೇಳುವ ಕ್ರಮವನ್ನು ಆಮೇಲೆ ನಿರ್ಧರಿಸಿ.

ಆ ನಿರ್ಧಾರದಿಂದ ಏನೆಲ್ಲ ಬದಲಾಗುತ್ತದೆ ಎಂಬುದಕ್ಕೆ ನಮ್ಮಲ್ಲೇ ಇಬ್ಬರು ಗುರುಗಳಿದ್ದಾರೆ. ಪಂಪ 941ರ ‘ವಿಕ್ರಮಾರ್ಜುನ ವಿಜಯ’ದಲ್ಲಿ ಮಹಾಭಾರತದ ಕಥೆಯನ್ನು 14 ಆಶ್ವಾಸಗಳಲ್ಲಿ (ಅಧ್ಯಾಯಗಳಲ್ಲಿ) ಮೊದಲಿನಿಂದ ಹೇಳುತ್ತಾ ಹೋದ. ಅದೇ ಶತಮಾನದಲ್ಲಿ, ಅವನ ನಂತರ ಬಂದ ರನ್ನ ‘ಗದಾಯುದ್ಧ’ಕ್ಕೆ ಯುದ್ಧದ ಕೊನೆಯ ಘಟ್ಟವನ್ನಷ್ಟೇ ಆರಿಸಿಕೊಂಡು, ಉಳಿದದ್ದನ್ನು ಸಿಂಹಾವಲೋಕನದಲ್ಲಿ, ಅಂದರೆ ಹಿಂದಿರುಗಿ ನೋಡುವ ಕ್ರಮದಲ್ಲಿ, ತಂದ.

ನೀವೂ ಹಾಗೆ ಮಾಡುವುದಾದರೆ, ಎಲ್ಲವೂ ಕೈಬಿಟ್ಟುಹೋಗಿ ಒಂದೇ ಒಂದು ತೀರ್ಮಾನ ಬಾಕಿ ಉಳಿದಿರುವ ಚೀಟಿಯನ್ನು ಮುಂದಕ್ಕೆ ತನ್ನಿ.

ಮುಂದಿನ ಹೆಜ್ಜೆಯೇ ಕಠಿಣ. ಹಿಂದಿನ ಕಥೆ ಒಳಬರಲು ದಾರಿ ಬೇಕು. ರನ್ನ ದುರ್ಯೋಧನನನ್ನು ಸಂಜಯನೊಡನೆ ರಣರಂಗದಲ್ಲಿ ನಡೆಸುತ್ತಾನೆ. ದಾರಿಯಲ್ಲಿ ದ್ರೋಣ, ಅಭಿಮನ್ಯು, ಮಗ ಲಕ್ಷಣಕುಮಾರ, ದುಶ್ಶಾಸನ, ಕರ್ಣರ ಶವಗಳು ಎದುರಾಗುತ್ತವೆ. ಒಂದೊಂದರ ಮುಂದೆ ನಿಂತಾಗಲೂ ಹಳೆಯದೊಂದು ನೆನಪು ತೆರೆದುಕೊಳ್ಳುತ್ತದೆ. ಆದರೆ ನಡಿಗೆ ನಿಲ್ಲುವುದಿಲ್ಲ. ಗಮನಿಸಬೇಕಾದದ್ದು ಇದನ್ನೇ. ಕಣ್ಣೆದುರಿನ ವಸ್ತುವೋ ವ್ಯಕ್ತಿಯೋ ಕರೆದಾಗ ಮಾತ್ರ ಹಿಂದಕ್ಕೆ ಹೋಗಿ, ಮರಳಿದಾಗ ಪಾತ್ರ ಒಂದು ಹೆಜ್ಜೆಯಾದರೂ ಮುಂದೆ ಬಂದಿರಲಿ. ಹಳೆಯ ಕಥೆ ತಿಳಿಸಲೆಂದೇ ತುರುಕಿದ ಫ್ಲ್ಯಾಶ್‌ಬ್ಯಾಕ್ ಎಷ್ಟೇ ಚೆನ್ನಾಗಿದ್ದರೂ ಕತ್ತರಿಸಿ.

ಯಾರ ಜೊತೆ ನಡೆಯುತ್ತಿದ್ದೀರಿ ಎಂಬುದನ್ನೂ ನೋಡಿಕೊಳ್ಳಿ. ರನ್ನನ ಕಥಾನಾಯಕ ಭೀಮ. ತನ್ನ ಆಶ್ರಯದಾತ ಸತ್ಯಾಶ್ರಯನನ್ನು ಕವಿ ಹೋಲಿಸಿದ್ದೂ ಅವನಿಗೇ. ಆದರೂ ಓದುಗನ ಮನಸ್ಸು ದುರ್ಯೋಧನನತ್ತ ವಾಲುತ್ತದೆ. ವೈರಿಯ ಮಗ ಅಭಿಮನ್ಯುವಿನ ಶೌರ್ಯಕ್ಕೆ ತಲೆಬಾಗುವ ದೊರೆಯನ್ನು, ತನ್ನ ಮಗನ ಹೆಣದ ಮುಂದೆ ಕುಸಿಯುವ ತಂದೆಯನ್ನು ಅಷ್ಟು ಹತ್ತಿರದಿಂದ ಕಂಡ ಮೇಲೆ ಅವನನ್ನು ಬರಿಯ ಖಳನೆಂದು ತಳ್ಳಿಹಾಕುವುದು ನನಗಂತೂ ಸಾಧ್ಯವಾಗಿಲ್ಲ. ಕ್ಯಾಮೆರಾ ಯಾರ ಬೆನ್ನಿಗಿದೆಯೋ ಪ್ರೇಕ್ಷಕರ ಕನಿಕರವೂ ಅಲ್ಲಿಗೇ ಹೋಗುತ್ತದೆ. ಅಪರಾಧ ಪ್ರಕರಣಗಳ ಸಾಕ್ಷ್ಯಚಿತ್ರ ಮಾಡುವವರು ಇದನ್ನು ಎರಡು ಬಾರಿ ಯೋಚಿಸಲೇಬೇಕು.

ಒಂದು ಎಚ್ಚರಿಕೆ: ರನ್ನನ ಓದುಗರಿಗೆ ಮಹಾಭಾರತದ ಕಥೆ ಮೊದಲೇ ಗೊತ್ತಿತ್ತು. ನಿಮ್ಮ ಕೇಳುಗರಿಗೆ ಹಾಗಲ್ಲ. ಚೀಟಿಗಳನ್ನು ಜೋಡಿಸಿದ ಮೇಲೆ, ಕಥೆ ಗೊತ್ತಿಲ್ಲದ ಒಬ್ಬರಿಗೆ ಬಾಯಲ್ಲೇ ಹೇಳಿ. ‘ಇವರು ಯಾರು?’ ಎಂದು ಅವರು ತಡೆದ ಕಡೆ ಒಂದು ಹೆಸರನ್ನೋ ಸಂಬಂಧವನ್ನೋ ಮೊದಲೇ ಸೇರಿಸಿ. ‘ಆಮೇಲೆ?’ ಎಂದು ಕೇಳಿದ ಕಡೆ ಏನನ್ನೂ ಮುಟ್ಟಬೇಡಿ.